ಬ್ಯಾಕಕ್ಕನ ನಲವತ್ತು ಪದಗಳು

ನಮ್ಮ ಹಿಟ್ಟಿನ ಗಿರಣಿಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರೆಲ್ಲರ ಬಾಯಲ್ಲಿ ಅವಳು ಬ್ಯಾಕಕ್ಕ. ಲಾರಿಗಳಿಗೆ ಬ್ಯಾಕ್ ಹೇಳುವ ಅಕ್ಕ ಎಂದು ಯಾರೋ ಕರೆದದ್ದು ಹಾಗೇ ಅಂಟಿಕೊಂಡಿತ್ತು. ಮಾಲೀಕರು ಕೂಡ ಒಂದು ಸಭೆಯಲ್ಲಿ "ನಮ್ಮ ಶ್ರೀಮತಿ ಬ್ಯಾಕಕ್ಕನವರು" ಅಂದುಬಿಟ್ಟಾಗ ಮೊದಲು ನಕ್ಕವಳು ಅವಳೇ. ಅವಳಿಗೆ ಮದುವೆಯಾಗಿರಲಿಲ್ಲ.

ನಾನು ಅದೇ ಗಿರಣಿಯ ವೇಬ್ರಿಜ್ಜಿನ ಗುಮಾಸ್ತ. ಒಳಗೆ ಬರುವ ಗೋಧಿ ಲಾರಿಯ ತೂಕ, ಹೊರಗೆ ಹೋಗುವ ಖಾಲಿ ಲಾರಿಯ ತೂಕ, ಇವನ್ನು ಬರೆದುಕೊಳ್ಳುವುದು ನನ್ನ ಕೆಲಸ. ಜೊತೆಗೆ ಯಾರೂ ಕೊಡದೆ ನಾನೇ ತೆಗೆದುಕೊಂಡ ಇನ್ನೊಂದು ಹುದ್ದೆಯಿತ್ತು: ಗಿರಣಿಗೆ ಇಂಗ್ಲಿಷ್ ಕಾಗದ ಬಂದರೆ ಅದರ ಅರ್ಥ ಹೇಳುವುದು. ನನ್ನ ಇಂಗ್ಲಿಷಿನ ಬಗ್ಗೆ ನನಗೆ ಸ್ವಲ್ಪ ಹಮ್ಮಿತ್ತು. ಸ್ವಲ್ಪ ಎಂದರೆ ಸುಳ್ಳು, ನೆತ್ತಿಯವರೆಗೆ ಇತ್ತು. ಅದು ಹೇಗೆ ಇಳಿಯಿತು ಎಂಬುದೂ ಈ ಕಥೆಯಲ್ಲೇ ಬರುತ್ತದೆ.

ನನ್ನ ಕಿಟಕಿಯ ಎದುರಿಗೇ ಓಣಿ. ಒಂದು ಕಡೆ ಗೋದಾಮಿನ ಗೋಡೆ, ಇನ್ನೊಂದು ಕಡೆ ಎತ್ತರದ ಉಕ್ಕಿನ ಕಣಜಗಳ ಸಾಲು. ನಡುವೆ ಅರವತ್ತು ಅಡಿ ಉದ್ದದ ದಾರಿ. ಲಾರಿಯ ಎರಡೂ ಪಕ್ಕಕ್ಕೆ ಒಂದೊಂದು ಗೇಣು ಉಳಿದರೆ ಹೆಚ್ಚು. ಕೊನೆಯಲ್ಲಿ ಗೋಧಿ ಸುರಿಯುವ ಗುಂಡಿ, ಅದರ ಮೇಲೆ ಕಬ್ಬಿಣದ ಸರಳುಗಳ ಜಾಲರಿ, ಅದರ ಹಿಂದೆ ಗೋಡೆ. ಲಾರಿಗಳು ಇಡೀ ಓಣಿಯನ್ನು ಹಿಮ್ಮುಖವಾಗಿ ಸಾಗಿ, ಹಿಂಭಾಗವನ್ನು ಸರಿಯಾಗಿ ಗುಂಡಿಯ ಬಾಯಿಗೆ ತಂದು ನಿಲ್ಲಿಸಬೇಕು. ಓಣಿ ಹೊಕ್ಕ ಕೂಡಲೇ ಕನ್ನಡಿಗಳನ್ನು ಮಡಿಸಬೇಕು, ಇಲ್ಲದಿದ್ದರೆ ಗೋಡೆಗೆ ಉಜ್ಜಿ ಪುಡಿಯಾಗುತ್ತವೆ. ಕನ್ನಡಿ ಮಡಿಸಿದ ಡ್ರೈವರ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡವನ ಹಾಗೆ. ಅವನಿಗೆ ಉಳಿಯುವುದು ಎರಡು ಕಿವಿ ಮತ್ತು ಬ್ಯಾಕಕ್ಕ.

ಗುಂಡಿಯ ಅಂಚಿನಲ್ಲಿ ಟೈರು ತಡೆಯುವ ಕಟ್ಟೆ ಇರಲಿಲ್ಲವೇ ಎಂದು ನೀವು ಕೇಳಬಹುದು. ಇತ್ತು. ಉದ್ದನೆಯ ಲಾರಿಗಳು ಬರತೊಡಗಿದ ಮೇಲೆ ಅಡ್ಡವಾಗುತ್ತದೆಂದು ಒಡೆದುಹಾಕಿದರು. ಒಡೆಸಿದವರನ್ನು ಯಾವ ಪರೀಕ್ಷೆಗೂ ಕೂರಿಸಲಿಲ್ಲ.

ಅವಳು ಗುಂಡಿಯ ಆಚೆ ಗೋಡೆಗೆ ಬೆನ್ನು ಕೊಟ್ಟು, ಗೋಡೆಯಲ್ಲಿದ್ದ ಕಬ್ಬಿಣದ ಕೊಂಡಿಯನ್ನು ಬಲಗೈಯಲ್ಲಿ ಹಿಡಿದು, ಬಾಗಿ ಟೈರು ನೋಡುತ್ತ ಶುರು ಮಾಡುತ್ತಿದ್ದಳು. "ಬಾ ಬಾ ಬಾ ಬಾ, ಎಡಕ್ಕೆ ಒಂಚೂರು, ಬಾ ಬಾ, ನೇರ ಮಾಡು, ಬಾ ಬಾ ಬಾ..." ಗೋಧಿ ಕೇರುವ ಯಂತ್ರದ ಗದ್ದಲವನ್ನು ಸೀಳಿಕೊಂಡು ಬರುವ ದನಿ. ಉಸಿರು ಯಾವಾಗ ತೆಗೆದುಕೊಳ್ಳುತ್ತಿದ್ದಳೋ ಗೊತ್ತಾಗುತ್ತಿರಲಿಲ್ಲ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಇಪ್ಪತ್ತೈದು ಮೂವತ್ತು ಲಾರಿ. ನಾನು ಈ ಗಿರಣಿಗೆ ಬಂದ ಹನ್ನೆರಡು ವರ್ಷದಲ್ಲಿ ಅವಳು ಒಂದು ಲಾರಿಗೂ "ನಿಲ್ಲಿಸು" ಎಂದದ್ದನ್ನು ನಾನು ಕೇಳಿಲ್ಲ. ಗುಂಡಿಯ ಬಾಯಿಗೆ ಬಂದಾಗ ಅವಳು ಸುಮ್ಮನಾಗುತ್ತಿದ್ದಳು, ಲಾರಿ ನಿಲ್ಲುತ್ತಿತ್ತು. ನಡುವೆ ಕೆಮ್ಮಿದರೂ ನಿಲ್ಲುತ್ತಿತ್ತು, ಸೀನಿದರೂ ನಿಲ್ಲುತ್ತಿತ್ತು. ಅವಳಿಗೆ ನೆಗಡಿಯಾದ ದಿನ ಗಿರಣಿಯ ಕೆಲಸ ಎರಡು ಗಂಟೆ ತಡ.

ಇದಕ್ಕೊಂದು ಕಾರಣವಿತ್ತು. ಆ ಕೆಲಸ ಮೊದಲು ಅವಳ ಅಣ್ಣನದು. ಅವನು ಎಲ್ಲರಂತೆ ಮೊದಲಿಗೆ "ಬಾ" ಎಂದು, ಕೊನೆಗೆ "ಸ್ಟಾಪ್" ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಒದ್ದೆ ನೆಲದಲ್ಲಿ ಲಾರಿ ಜಾರಿ ಬಂದು ಅವನನ್ನು ಗೋಡೆಗೆ ಒತ್ತಿತು. ಡ್ರೈವರ್‌ಗೆ ಏನೂ ಕೇಳಿಸಲಿಲ್ಲ. ಸ್ಟಾಪ್ ಬರಲಿ ಎಂದು ಕಾಯುತ್ತ ಇನ್ನೂ ಅರ್ಧ ಅಡಿ ಹಿಂದಕ್ಕೆ ತೆಗೆದ. ಆರು ಪಕ್ಕೆಲುಬು ಮುರಿದವು. ಆಸ್ಪತ್ರೆಯಲ್ಲಿ ಆ ಡ್ರೈವರ್ ಮಂಚದ ಪಕ್ಕ ಕುಕ್ಕರಿಸಿ ಅಳುತ್ತ, "ನೀನು ಸ್ಟಾಪ್ ಅನ್ನಲೇ ಇಲ್ವಲ್ಲೋ" ಎಂದನಂತೆ. ಅಣ್ಣ ಒಂದೊಂದೇ ಪದ ಹೆಕ್ಕಿ ಹೇಳಿದ್ದು: "ಅನ್ನೋಕೆ... ಉಸಿರು... ಎಲ್ಲಿತ್ತೋ?"

ಪಕ್ಕದಲ್ಲಿ ನಿಂತಿದ್ದ ತಂಗಿ ಆ ಮಾತನ್ನು ಮರೆಯಲಿಲ್ಲ. ಅಣ್ಣನ ಜಾಗಕ್ಕೆ ಅವಳನ್ನು ತೆಗೆದುಕೊಂಡ ದಿನವೇ ಡ್ರೈವರ್‌ಗಳನ್ನೆಲ್ಲ ಒಟ್ಟು ನಿಲ್ಲಿಸಿಕೊಂಡು ಹೇಳಿದಳು. "ನಾನು ಮಾತಾಡ್ತಾ ಇರೋವರೆಗೂ ಬನ್ನಿ. ನನ್ನ ಬಾಯಿ ನಿಂತರೆ ನಿಮ್ಮ ಕಾಲು ಬ್ರೇಕಿನ ಮೇಲಿರಬೇಕು. ಸಿಕ್ಕಿಹಾಕಿಕೊಂಡವರಿಗೆ ಕೂಗೋಕೆ ಆಗಲ್ಲ. ಸುಮ್ಮನಿರೋಕೆ ಎಲ್ಲರಿಗೂ ಆಗುತ್ತೆ." ಅಂದಿನಿಂದ ಆ ಓಣಿಯಲ್ಲಿ ಒಬ್ಬರ ಕೂದಲೂ ಕೊಂಕಿರಲಿಲ್ಲ.

ಅಣ್ಣನಿಗೆ ಆಮೇಲೆ ಭಾರ ಎತ್ತಲಾಗಲಿಲ್ಲ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಗಿರಣಿಯ ಹಿಂಬದಿಯ ಎರಡು ಕೋಣೆಯ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ. ಅವಳು ದುಡಿಯಬೇಕು, ಇಬ್ಬರೂ ಉಣ್ಣಬೇಕು. ಅಣ್ಣನನ್ನು ಒತ್ತಿದ ಆ ಡ್ರೈವರ್ ಇವತ್ತಿಗೂ ನಮ್ಮ ಗಿರಣಿಯ ಲಾರಿಯನ್ನೇ ಓಡಿಸುತ್ತಾನೆ. ಎಲ್ಲರಿಗೂ ಅವನು ಮಾವ. ಅಂದಿನಿಂದ ಹೋದ ವರ್ಷದವರೆಗೆ ಅವನು ಮೌನದಲ್ಲಿ ಒಂದು ಅಂಗುಲವೂ ಹಿಂದಕ್ಕೆ ಹೋದವನಲ್ಲ.

ಹೋದ ವರ್ಷ ಗಿರಣಿಗೆ ಸೇಫ್ಟಿ ಆಫೀಸರ್ ಬಂದರು. ಚಿಕ್ಕ ವಯಸ್ಸು, ಮೆತ್ತನೆಯ ಮಾತು. ಅವರನ್ನು ಕೆಟ್ಟವರೆಂದರೆ ನನ್ನ ಬಾಯಿಗೆ ಹುಳ ಬಿದ್ದೀತು. ಕಣಜಗಳ ಆಚೆ ಎರಡನೆಯ ಓಣಿ ತಯಾರಾಗುತ್ತಿತ್ತು, ಬೇರೆ ಬೇರೆ ಭಾಷೆಯ ಡ್ರೈವರ್‌ಗಳು ಬರತೊಡಗಿದ್ದರು. ಎರಡು ಕಡೆಯ ಕೂಗು ಬೆರೆತರೆ ಯಾವ ಲಾರಿ ಯಾರ ಮಾತು ಕೇಳಬೇಕು? ಅದಕ್ಕೆ ಅವರು ವಾಕಿಟಾಕಿ ತರಿಸಿದರು, ಎಲ್ಲರಿಗೂ ಒಂದೇ ಇಂಗ್ಲಿಷ್ ಪದಗಳೆಂದು ಗೊತ್ತುಮಾಡಿದರು. ಬ್ಯಾಕ್ ಅಪ್ ಎಂದರೆ ಲಾರಿ ಹಿಂದಕ್ಕೆ ಹೊರಡಬೇಕು. ಹೋಲ್ಡ್ ಎಂದರೆ ನಿಲ್ಲಬೇಕು. ನಡುವೆ ಬೇಕಾದಾಗ ಒಂದು ಪದ, ಉಳಿದಂತೆ ಬಾಯಿ ಮುಚ್ಚಿರಬೇಕು, ಏಕೆಂದರೆ ಒಬ್ಬರು ಬಟನ್ ಒತ್ತಿದಷ್ಟು ಹೊತ್ತು ಇನ್ನೊಂದು ಓಣಿಯವರ ಮಾತು ಹೋಗುವುದಿಲ್ಲ. ಕೇಳಿದರೆ ಎಲ್ಲವೂ ಸರಿಯೇ.

ಜೊತೆಗೆ ನಲವತ್ತು ಪದಗಳ ಒಂದು ಪಟ್ಟಿ. ಅರ್ಧ ಓಣಿಗೆ ಬೇಕಾದವು. ಇನ್ನರ್ಧ, ಅವರು ಯಾವುದೋ ಪುಸ್ತಿಕೆಯಿಂದ ಎತ್ತಿದ್ದ, ಓಡಿಸುವುದಕ್ಕೂ ಹಿಂದೆ ತೆಗೆಯುವುದಕ್ಕೂ ಹೇಗೋ ನಂಟಿರುವ ನುಡಿಗಟ್ಟುಗಳು. ಭಾಷೆ ಮೈಗೆ ಹತ್ತಲಿ ಎಂದು ಅವರ ಆಸೆ. ತಿಂಗಳ ಕೊನೆಗೆ ಪರೀಕ್ಷೆ: ಮೊದಲು ಓಣಿಯಲ್ಲಿ ಡ್ರೈವರ್ ಜೊತೆ ಜೋಡಿಯಾಗಿ, ಆಮೇಲೆ ಕೋಣೆಯಲ್ಲಿ ಪದಗಳ ಅರ್ಥ. ಫೇಲಾದವರಿಗೆ ಓಣಿಯಲ್ಲಿ ಜಾಗವಿಲ್ಲ. ಗುಡಿಸುವ ಕೆಲಸ ಆಗಲೇ ಗುತ್ತಿಗೆಯವರ ಪಾಲಾಗಿತ್ತು. ಹಾಗಾಗಿ ಐವತ್ತೆರಡು ವರ್ಷದ ಬ್ಯಾಕಕ್ಕನಿಗೆ ಓಣಿ ತಪ್ಪಿದರೆ ಉಳಿಯುವುದು ಗೇಟಿನಾಚೆಯ ರಸ್ತೆ.

ಪಾಠ ಹೇಳುವ ಕೆಲಸ ನನ್ನ ತಲೆಗೆ ಬಂತು. ಬಂತು ಎಂದರೆ, ನಾನೇ ಕೈ ಎತ್ತಿದೆ. ಊಟದ ಬಿಡುವಿನಲ್ಲಿ ಅವಳು ಡಬ್ಬಿ ಮುಗಿಸಿ ನನ್ನ ಕಿಟಕಿಯ ಹೊರಗೆ ಹಳೆಯ ಟೈರಿನ ಮೇಲೆ ಕೂರುತ್ತಿದ್ದಳು. ಪದಗಳನ್ನು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆದು ಎದುರಿಗೆ ಅರ್ಥ ಬರೆದುಕೊಟ್ಟಿದ್ದೆ.

"ಬ್ಯಾಕ್ ಅಪ್?"

"ಹಿಂದಕ್ಕೆ ಬಾ."

"ಇನ್ನೊಂದು ಅರ್ಥ?"

"ಒಬ್ಬರ ಬೆನ್ನಿಗೆ ನಿಲ್ಲೋದು." ಅವಳು ಹಾಳೆಯಿಂದ ತಲೆ ಎತ್ತಿದಳು. "ನಮ್ಮಲ್ಲೂ ಹಾಗೇ ಅಂತೀವಲ್ಲ ಸಾರ್. ಇಷ್ಟು ವರ್ಷದಿಂದ ಲಾರಿಗಳ ಬೆನ್ನಿಗೆ ನಿಂತಿದ್ದೀನಿ, ಅದು ಇಂಗ್ಲಿಷು ಅಂತ ಗೊತ್ತೇ ಇರಲಿಲ್ಲ."

"ಬ್ಯಾಕ್ ಸೀಟ್ ಡ್ರೈವರ್?"

"ತಾನು ಓಡಿಸದೆ, ಹಿಂದೆ ಕೂತು ಓಡಿಸೋರಿಗೆ ಬುದ್ಧಿ ಹೇಳೋನು. ನಮ್ಮಣ್ಣ. ಒಲೆ ಮುಂದೆ ನಾನಿದ್ದರೆ ಮಂಚದ ಮೇಲಿಂದಾನೇ ಉಪ್ಪು ಹಾಕಿಸ್ತಾನೆ."

"ಬ್ಯಾಕ್ ಡೌನ್?"

"ಹಿಡಿದ ಪಟ್ಟು ಬಿಡೋದು. ಇದು ನನಗೆ ಬೇಡ, ಬೇರೆ ಪದ ಕೊಡಿ."

ನಗುತ್ತಿದ್ದಳು, ಆದರೆ ಹಾಳೆ ಹಿಡಿದ ಬೆರಳುಗಳು ಬಿಳುಚಿಕೊಳ್ಳುತ್ತಿದ್ದವು. ಮೊದಲ ವಾರ ನಲವತ್ತಕ್ಕೆ ಹನ್ನೊಂದು ಸರಿ. ಡ್ರೈವ್ ಹೋಮ್ ಎಂದರೆ ಮನೆಗೆ ಓಡಿಸುವುದು ಎಂದು ಮೂರು ದಿನ ಹೇಳಿದಳು. "ಮನಸ್ಸಿಗೆ ನಾಟೋ ಹಾಗೆ ಹೇಳೋದು ಅಕ್ಕ, ಮನೆಗೂ ಅದಕ್ಕೂ ಸಂಬಂಧ ಇಲ್ಲ" ಎಂದು ನಾನು ರೇಗಿದೆ. ನನಗೆ ತಾಳ್ಮೆ ಕಡಿಮೆ, ಕಲಿಸುವವನ ಗತ್ತು ಜಾಸ್ತಿ. ಅವಳು ಬೈಸಿಕೊಂಡು ಮತ್ತೆ ಓದುತ್ತಿದ್ದಳು. ಮನೆಯಲ್ಲಿ ಅಣ್ಣ ಹಾಳೆ ಹಿಡಿದು ಕೇಳುತ್ತಿದ್ದನಂತೆ, ತಪ್ಪಿದರೆ ಲಟ್ಟಣಿಗೆಯಿಂದ ನೆಲಕ್ಕೆ ಕುಟ್ಟುತ್ತಿದ್ದನಂತೆ.

ಹತ್ತೊಂಬತ್ತನೆಯ ಪದ ಬ್ಯಾಕ್ ಔಟ್. "ಲಾರಿನ ಹಿಂದಕ್ಕೆ ಹೊರಗೆ ತೆಗೆಯೋದು. ಮಾತು ಕೊಟ್ಟು ಆಮೇಲೆ ಜಾರಿಕೊಳ್ಳೋದಕ್ಕೂ ಅದೇ" ಎಂದು ಬಿಡಿಸಿ ಹೇಳಿದೆ. "ಈಗ ನೋಡು, ಮದುವೆಗೆ ಒಪ್ಪಿ, ಆಮೇಲೆ ಆಗಲ್ಲ ಅಂತಾರಲ್ಲ, ಹಾಗೆ."

ಅವಳು ಸ್ವಲ್ಪ ಹೊತ್ತು ಟೈರಿನ ರಬ್ಬರನ್ನು ಉಗುರಿನಿಂದ ಕೆರೆದಳು. "ನನಗೂ ಒಬ್ಬರು ಗೊತ್ತಾಗಿದ್ದರು ಸಾರ್. ಅಣ್ಣನಿಗೆ ಹೀಗಾದ ಮೇಲೆ, ಅವನೂ ಜೊತೆಗೆ ಬರ್ತಾನೆ ಅಂದೆ. ಬ್ಯಾಕ್ ಔಟ್ ಮಾಡಿದರು." ಆಮೇಲೆ ಹಾಳೆ ಮಡಿಸಿಟ್ಟು, "ಇದು ಇನ್ನು ಮರೆಯಲ್ಲ ಬಿಡಿ" ಅಂದಳು. ನಿಜಕ್ಕೂ ಆ ಪದವನ್ನು ಅವಳು ಮತ್ತೆ ಒಮ್ಮೆಯೂ ತಪ್ಪಲಿಲ್ಲ.

ಮೂರನೆಯ ವಾರ ಮೂವತ್ತು ದಾಟಿದಳು. ಆ ದಿನವೇ ಅವಳು ಆ ಪ್ರಶ್ನೆ ಕೇಳಿದ್ದು.

"ಸಾರ್, ಇದರಲ್ಲಿ ನನ್ನದೊಂದು ಇಲ್ಲ."

"ಯಾವುದು?"

"ಸುಮ್ಮನಾಗೋದು."

"ಅದು ಪದ ಅಲ್ಲ ಅಕ್ಕ."

"ಪದ ಅಲ್ಲ. ಅರ್ಥ ಇದೆಯಲ್ಲ?" ಅವಳು ಎದ್ದು ಕಿಟಕಿಯ ಕಂಬಿ ಹಿಡಿದಳು. "ನಾನು ಬ್ಯಾಕ್ ಅಪ್ ಅಂದೆ ಅನ್ನಿ. ಲಾರಿ ಹೊರಟಿತು. ವಾಕಿಟಾಕಿ ಕೈಯಿಂದ ಬಿತ್ತು. ಇಲ್ಲ, ನಾನೇ ಬಿದ್ದೆ. ಹೋಲ್ಡ್ ಅನ್ನೋಕೆ ನನ್ನ ಕೈಲಿ ಆಗಲಿಲ್ಲ. ಆಗ ಲಾರಿ ಏನು ಮಾಡಬೇಕು? ಆಫೀಸರನ್ನ ಒಂದು ಮಾತು ಕೇಳ್ತೀರಾ? ನಾನು ಕೇಳಿದರೆ, ಕಲಿಯೋಕೆ ಆಗದೆ ನೆಪ ಹೇಳ್ತಾಳೆ ಅಂದುಕೊಳ್ತಾರೆ. ನೀವು ಓದಿದವರು."

"ಕೇಳ್ತೀನಿ."

"ಖಂಡಿತ?"

"ಖಂಡಿತ ಅಕ್ಕ."

ನಾನು ಕೇಳಲು ಹೋದೆ. ಎರಡು ಸಲ ಹೋದೆ. ಮೊದಲ ಸಲ ಆಫೀಸರ್ ನನ್ನ ಕನ್ನಡ ಪಟ್ಟಿಯನ್ನು ಮೇಜಿನ ಮೇಲೆ ಹರಡಿಕೊಂಡು, ಎಷ್ಟು ಅಚ್ಚುಕಟ್ಟಾಗಿದೆ, ಇದನ್ನು ಬೇರೆ ಗಿರಣಿಗಳಿಗೂ ನಿಮ್ಮ ಹೆಸರು ಹಾಕಿಯೇ ಕಳಿಸುತ್ತೇನೆ ಎಂದರು. ಅಲ್ಲಿ ನಿಂತು, ಸುಮ್ಮನಿರುವುದಕ್ಕೂ ಒಂದು ಪದ ಬೇಕಂತ ಸಾರ್, ಎಂದು ಹೇಳಲು ನನಗೆ ನಾಚಿಕೆಯಾಯಿತು. ಎರಡನೆಯ ಸಲ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ. ಮರುದಿನ ಅವಳು "ಕೇಳಿದ್ರಾ?" ಅಂದಾಗ, "ಅದೆಲ್ಲ ಅವರು ನೋಡಿಕೊಳ್ತಾರೆ, ನೀನು ಮೊದಲು ನಲವತ್ತು ಕಲಿ" ಅಂದೆ. ಸುಳ್ಳು ಹೇಳಲಿಲ್ಲ ಎಂದು ನನಗೆ ನಾನೇ ಸಮಾಧಾನ ಮಾಡಿಕೊಂಡೆ. ಸುಳ್ಳಿಗಿಂತ ಅದು ಕಡೆಯಾಗಿತ್ತು.

ಓಣಿಯ ಪರೀಕ್ಷೆಗೆ ಅವಳ ಜೋಡಿ ಮಾವ. ಅಭ್ಯಾಸದಲ್ಲಿ ಮೂರು ದಿನವೂ ಅವನು ಕೆಡಿಸಿದ. ಅವಳು "ಬ್ಯಾಕ್ ಅಪ್" ಎಂದು ಸುಮ್ಮನಾದರೆ ಮಾರು ದೂರಕ್ಕೆ ಲಾರಿ ಗಕ್ಕನೆ ನಿಲ್ಲುತ್ತಿತ್ತು. ಮತ್ತೆ "ಬ್ಯಾಕ್ ಅಪ್", ಮತ್ತೆ ಗಕ್ಕ. ಅರವತ್ತು ಅಡಿಗೆ ಹದಿನಾಲ್ಕು ಸಲ. ಹಿಂದೆ ಕಾಯುತ್ತಿದ್ದ ಲಾರಿಗಳ ಸಾಲು ಗೇಟು ದಾಟಿ ರಸ್ತೆಗೆ ಹೋಯಿತು.

"ಹೋಲ್ಡ್ ಕೇಳೋವರೆಗೂ ನಿಲ್ಲಿಸಬಾರದು" ಎಂದು ಆಫೀಸರ್ ಬೇಸರಿಸದೆ ಹೇಳಿಕೊಟ್ಟರು. "ಇನ್ನೊಂದು ಸಲ ಹೀಗಾದರೆ ಇಬ್ಬರಿಗೂ ಮಾರ್ಕ್ಸ್ ಹೋಗುತ್ತೆ."

"ತಲೆಗೆ ಗೊತ್ತಾಗ್ತದೆ ಸ್ವಾಮಿ. ಕಾಲಿಗೆ ಗೊತ್ತಾಗ್ತಿಲ್ಲ" ಎಂದ ಮಾವ.

ಪರೀಕ್ಷೆಯ ಬೆಳಿಗ್ಗೆ ನಾನು ಮಾವನನ್ನು ಪಕ್ಕಕ್ಕೆ ಕರೆದೆ. "ನೋಡಿ ಮಾವ, ಇವತ್ತು ಮಾತ್ರ ನಿಲ್ಲಿಸಬೇಡಿ. ನೀವು ನಿಲ್ಲಿಸಿದರೆ ಅವಳು ಫೇಲು. ಆ ಮನೆಗೆ ಒಂದು ಸಲ ನಿಮ್ಮಿಂದ ಆಗಿದ್ದು ಸಾಕು." ಕೊನೆಯ ಮಾತು ಹೇಳಬಾರದಿತ್ತು. ಅವನ ಮುಖ ಬೂದಿಯಾಯಿತು. "ನಿಲ್ಲಿಸಲ್ಲ" ಅಂದ, ಲಾರಿ ಹತ್ತಿದ.

ಆಫೀಸರ್ ಓಣಿಯ ಬಾಯಲ್ಲಿ ಕಾಗದ ಪೆನ್ನು ಹಿಡಿದು ನಿಂತರು. ಅವರ ಹೆಗಲಲ್ಲಿ ಒಂದು ವಾಕಿಟಾಕಿ, ಮಾವನ ಮುಂದೆ ಒಂದು, ಗುಂಡಿಯ ಹತ್ತಿರ ಬ್ಯಾಕಕ್ಕನ ಕೈಯಲ್ಲಿ ಒಂದು. ಕೊಂಡಿ ಹಿಡಿಯುತ್ತಿದ್ದ ಬಲಗೈಯಲ್ಲೇ ಅವಳು ಅದನ್ನು ಹಿಡಿದದ್ದನ್ನು ಓಣಿಗೆ ಹೋಗುವಾಗ ನೋಡಿದ್ದೆ, ಯೋಚಿಸಿರಲಿಲ್ಲ. ಲಾರಿಯ ಮುಂದೆ ನಡೆದು ಬರಲು ನನಗೆ ಅನುಮತಿ ಇತ್ತು. ಲಾರಿ ಹಿಂದಕ್ಕೆ ಹೋದ ಹಾಗೆ ನಾನು ಅದರ ಎದುರು ಹೆಜ್ಜೆ ಹಾಕಬೇಕು. ಗಾಜಿನ ಆಚೆ ಮಾವನ ಮುಖ, ಈಚೆ ನನ್ನದು.

"ಬ್ಯಾಕ್ ಅಪ್."

ಲಾರಿ ಹೊರಟಿತು. ಅವಳು ಸುಮ್ಮನಾದಳು. ಮಾವನ ಕಾಲು ಬ್ರೇಕಿನ ಮೇಲೆ ಹೋಗುವುದನ್ನು ಅವನ ಹೆಗಲಿನಲ್ಲೇ ಕಂಡೆ. ನಾನು ತಲೆ ಅಲ್ಲಾಡಿಸಿದೆ. ಹೆಗಲು ಸಡಿಲವಾಯಿತು. ಲಾರಿ ನಿಲ್ಲಲಿಲ್ಲ. ಹತ್ತು ಅಡಿ, ಹದಿನೈದು ಅಡಿ.

"ಲೆಫ್ಟ್." ಮಾವ ಎಡಕ್ಕೆ ತಿರುಗಿಸಿದ. "ಸ್ಟ್ರೇಟ್." ನೇರ ಮಾಡಿದ. ನನ್ನ ಎದೆ ಹಗುರವಾಯಿತು. ನನ್ನ ಶಿಷ್ಯೆ ಪಾಸಾಗುತ್ತಿದ್ದಾಳೆ ಎಂದು ಹಿಗ್ಗಿದೆ ಕೂಡ.

ಗೋದಾಮಿನ ಗೋಡೆಯ ಮೇಲೆ ಬಿಳಿಯ ಗೀಟೊಂದಿದೆ. ಲಾರಿಯ ಮೂತಿ ಅಲ್ಲಿಗೆ ಬಂದಾಗ ಹಿಂಭಾಗ ಗುಂಡಿಗೆ ಹತ್ತು ಅಡಿ ದೂರ. ಅಲ್ಲಿ "ಸ್ಲೋ" ಬರಬೇಕು. ಮೂತಿ ಗೀಟಿಗೆ ಬಂತು. ಸ್ಲೋ ಬರಲಿಲ್ಲ.

ಮರೆತಳು ಎಂದುಕೊಂಡೆ. ಒಂದು ಮಾರ್ಕು ಹೋಯಿತು, ಹೋಗಲಿ. ಹೊಸ ಪದ್ಧತಿಯಲ್ಲಿ ಸುಮ್ಮನಿರುವುದು ತಪ್ಪೇನಲ್ಲ, ಅದನ್ನೇ ಅಲ್ಲವೇ ನಾನು ತಿಂಗಳೆಲ್ಲ ಕಲಿಸಿದ್ದು? ಆದರೆ ಹನ್ನೆರಡು ವರ್ಷ ಆ ದನಿ ಕೇಳಿದ ನನ್ನ ಕಿವಿ ಬೇರೇನನ್ನೋ ಹೇಳುತ್ತಿತ್ತು. ಕೂಗಲೇ? ಅವಳು ಅಲ್ಲಿ ಸರಿಯಾಗಿ ನಿಂತಿದ್ದು, ನಾನು ನಡುವೆ ಬಾಯಿ ಹಾಕಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಲಾರಿ ಇನ್ನೂ ಐದು ಅಡಿ ಹೋಯಿತು. ಮಾವ ನನ್ನನ್ನೇ ನೋಡುತ್ತಿದ್ದ. ಬೆವರು ಅವನ ಕಣ್ಣೊಳಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವನ ತುಟಿ ಏನೋ ಕೇಳಿತು. ನಾನು ಕೈ ಎತ್ತಿ ಬೀಸಿದೆ. ಹೋಗು, ಹೋಗು.

ಹೌದು, ನಾನೇ ಬೀಸಿದೆ. ಇದೇ ಕೈ.

ಇನ್ನೂ ಐದು ಅಡಿ. ಆಮೇಲೆ ಮಾವ ಕಣ್ಣು ಮುಚ್ಚಿದ. ಲಾರಿ ಮುಗ್ಗರಿಸಿ ನಿಂತಿತು. ಅವನು ಇಂಜಿನ್ ಆರಿಸಿ, ಕೀಲಿ ಕಿತ್ತು, ಗಾಜಿನ ಕೆಳಗೆ ಎಸೆದು, ಎರಡೂ ಕೈಯನ್ನು ಸ್ಟೇರಿಂಗಿನಿಂದ ಮೇಲೆತ್ತಿದ.

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಲಾರಿಯ ಮೂತಿಗೆ ಗುದ್ದಿ, "ಮುಗೀತಲ್ಲ ಮಾವ! ಅವಳ ಅನ್ನಕ್ಕೆ ಕಲ್ಲು ಹಾಕಿದ್ರಿ!" ಎಂದು ಕಿರುಚಿದೆ.

ಹಿಂದಿನಿಂದ ಆಫೀಸರ್ ಓಡಿಬಂದರು. "ಯಾಕೆ ನಿಲ್ಲಿಸಿದ್ರಿ? ಹೋಲ್ಡ್ ಬರಲಿಲ್ಲವಲ್ಲ?"

ಮಾವ ತಲೆ ಹೊರಗೆ ಹಾಕಿದ. "ಏನೂ ಬರಲಿಲ್ಲ ಸ್ವಾಮಿ. ಅದಕ್ಕೇ ನಿಲ್ಲಿಸಿದೆ."

ಇಂಜಿನ್ ಆರಿದ್ದರಿಂದ ಓಣಿಯ ಹಿಂಬದಿಯ ಸದ್ದು ಕೇಳಬೇಕಿತ್ತು. ಅವಳು ಅಲ್ಲಿ ನೆಟ್ಟಗೆ ನಿಂತಿದ್ದರೆ, ಹೇಳದೆಯೇ ಲಾರಿ ನಿಂತಾಗ, "ಏನಾಯ್ತೋ ಮಾವ" ಎಂದಾದರೂ ಕೇಳಬೇಕಿತ್ತು. ದೂರದ ಯಂತ್ರದ ಗದ್ದಲ ಬಿಟ್ಟರೆ ಏನೂ ಇಲ್ಲ.

ಪಕ್ಕದಲ್ಲಿ ನುಸುಳಲು ಜಾಗವಿಲ್ಲ. ನಾನು ಗೋದಾಮಿನೊಳಗಿಂದ ಸುತ್ತಿ ಓಡಿದೆ. ಚೀಲಗಳ ಸಾಲು ದಾಟಿ, ಗುಂಡಿಯ ಪಕ್ಕದ ಚಿಕ್ಕ ಬಾಗಿಲು ತಳ್ಳಿದೆ. ಬ್ಯಾಕಕ್ಕ ಜಾಲರಿಯ ಮೇಲೆ ಬಿದ್ದಿದ್ದಳು. ಚೆಲ್ಲಿದ್ದ ಗೋಧಿಯ ಮೇಲೆ ಜಾರಿ, ಒಂದು ಕಾಲು ಮೊಣಕಾಲಿನವರೆಗೆ ಸರಳುಗಳ ನಡುವೆ ಸಿಕ್ಕಿತ್ತು. ಬೆನ್ನು ಗೋಡೆಗೆ ಬಡಿದು ಉಸಿರು ಕಟ್ಟಿತ್ತು. ವಾಕಿಟಾಕಿ ಗುಂಡಿಯ ಒಳಗೆ, ಗೋಧಿಯಲ್ಲಿ. ಲಾರಿಯ ಹಿಂದಿನ ಹಲಗೆ ಅವಳ ಎದೆಯಿಂದ ಒಂದು ಗೇಣು ದೂರದಲ್ಲಿತ್ತು. ಅವಳ ಎರಡೂ ಅಂಗೈ ಅದಕ್ಕೆ ಒತ್ತಿಕೊಂಡಿದ್ದವು, ತಳ್ಳಿದರೆ ಹಿಂದಕ್ಕೆ ಹೋದೀತು ಎಂಬ ಹಾಗೆ.

ಅಷ್ಟರಲ್ಲಿ ಮಾವ ಕಿಟಕಿಯಿಂದ ಹೇಗೋ ನುಸುಳಿ ಇಳಿದು, ಲಾರಿಯ ಅಡಿಯಿಂದ ತೆವಳಿಕೊಂಡೇ ಬಂದಿದ್ದ. ಎಣ್ಣೆ ಮೆತ್ತಿದ ಮುಖ ಚಕ್ರಗಳ ನಡುವೆ ಕಾಣಿಸಿತು. ಕೈ ಚಾಚಿ ಅವಳ ಪಾದ ಮುಟ್ಟಿ, "ತಂಗೀ" ಎಂದು ಬಿಕ್ಕಿದ. ಅವಳಿಗೆ ಉಸಿರು ಮರಳಿತು. ಒಮ್ಮೆ ಎಳೆದುಕೊಂಡಳು, ಮತ್ತೊಮ್ಮೆ ಎಳೆದುಕೊಂಡಳು. ಮಾವನ ಕೈಯನ್ನು ಎರಡು ಸಲ ತಟ್ಟಿದಳು. ಆಮೇಲೆ ಕಣ್ಣು ತಿರುಗಿಸಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದಳು.

"ಸಾರ್," ಎಂದಳು, "ಅವರನ್ನ... ಕೇಳಿದ್ರಾ?"

ನನ್ನ ಬೆನ್ನ ಹಿಂದೆಯೇ ಬಂದು ನಿಂತಿದ್ದ ಆಫೀಸರ್, "ಏನು ಕೇಳಬೇಕಿತ್ತು?" ಎಂದರು.

ಅವಳ ಕಾಲನ್ನು ಸರಳುಗಳಿಂದ ಬಿಡಿಸುತ್ತಲೇ ಎಲ್ಲವನ್ನೂ ಹೇಳಿದೆ. ಅಣ್ಣನ ಪಕ್ಕೆಲುಬು, ಇಪ್ಪತ್ತೆರಡು ವರ್ಷದ ಪದ್ಧತಿ, ಅವಳ ಪ್ರಶ್ನೆ, ನಾನು ಬಾಗಿಲಿಂದ ವಾಪಸ್ಸು ಬಂದದ್ದು, ಕೈ ಬೀಸಿದ್ದು. ಯಾವುದನ್ನೂ ಮುಚ್ಚಿಡಲಿಲ್ಲ. ಅಷ್ಟು ನಾಚಿಕೆ ನನಗೆ ಮೊದಲೂ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಆಫೀಸರ್ ಗೋಧಿ ಚೀಲದ ಮೇಲೆ ಕುಳಿತುಬಿಟ್ಟರು. ಅವರ ಕೈಯಲ್ಲಿದ್ದ ಕಾಗದದಲ್ಲಿ ಮಾವನ ಹೆಸರಿನ ಎದುರು ಆಗಲೇ ಒಂದು ತಪ್ಪಿನ ಗುರುತು ಬಿದ್ದಿತ್ತು. ಅವರು ಆ ಕಾಗದ ಹರಿದರು.

ಅವಳ ಕಾಲು ಮುರಿದಿರಲಿಲ್ಲ. ಚರ್ಮ ಸುಲಿದು, ಪಾದ ಊದಿಕೊಂಡು, ಹನ್ನೆರಡು ದಿನ ಮನೆಯಲ್ಲಿದ್ದಳು. ಅಷ್ಟರಲ್ಲಿ ಗುಂಡಿಯ ಅಂಚಿಗೆ ಟೈರು ತಡೆಯುವ ಕಟ್ಟೆ ಮತ್ತೆ ಎದ್ದಿತು. ಎರಡು ಓಣಿಗೂ ಬೇರೆ ಬೇರೆ ವಾಕಿಟಾಕಿ ಚಾನೆಲ್ ಬಂತು, ಯಾರು ಎಷ್ಟು ಬೇಕಾದರೂ ಬಟನ್ ಒತ್ತಿಕೊಂಡು ಮಾತಾಡಬಹುದು. ವಾಕಿಟಾಕಿಯನ್ನು ಕೊರಳಿಗೆ ನೇತುಹಾಕಿಕೊಂಡು ಕೈಯಲ್ಲಿ ಕೊಂಡಿಯನ್ನೇ ಹಿಡಿದಿರಬೇಕು ಎಂದು ಬರೆದು ಹಚ್ಚಿದರು. ಪಟ್ಟಿಗೆ ನಲವತ್ತೊಂದನೆಯ ಸಾಲು ಸೇರಿಸಿ ಎಂದು ಆಫೀಸರ್ ನನಗೆ ಹೇಳಿದರು. ಪದದ ಜಾಗದಲ್ಲಿ ಏನು ಬರೆಯಲಿ ಎಂದು ಕೇಳಿದೆ. ಏನೂ ಬೇಡ ಎಂದರು. ಆ ಜಾಗವನ್ನು ಖಾಲಿ ಬಿಟ್ಟು, ಅರ್ಥದ ಜಾಗದಲ್ಲಿ "ತಕ್ಷಣ ನಿಲ್ಲಿಸು" ಎಂದು ಬರೆದೆ.

ಪದಗಳ ಪರೀಕ್ಷೆ ಮಾತ್ರ ತಪ್ಪಲಿಲ್ಲ. ಅದು ನಿಯಮ. ಅವಳು ಕುಂಟುತ್ತ ಆಫೀಸರ ಕೋಣೆಗೆ ಬಂದು ಕುರ್ಚಿಯ ತುದಿಯಲ್ಲಿ ಕುಳಿತಳು. ಕೇಳುವವರು ಅವರು, ಕಲಿಸಿದವನೆಂದು ಮಾರ್ಕ್ಸ್ ಹಾಕುವವನು ನಾನು. ಅಂದಿನಿಂದ ಅವಳು ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಬ್ಯಾಕ್ ಅಪ್, ಬ್ಯಾಕ್ ಆಫ್, ಪುಲ್ ಓವರ್, ಡ್ರೈವ್ ಹೋಮ್, ಒಂದೊಂದಕ್ಕೂ ಥಟ್ಟನೆ ಉತ್ತರ. ನಾನು ತಲೆ ತಗ್ಗಿಸಿ ಗುರುತು ಹಾಕುತ್ತ ಹೋದೆ.

"ಹತ್ತೊಂಬತ್ತು. ಬ್ಯಾಕ್ ಔಟ್?" ಎಂದರು ಆಫೀಸರ್.

"ಲಾರಿನ ಹಿಂದಕ್ಕೆ ಹೊರಗೆ ತೆಗೆಯೋದು."

"ಇನ್ನೊಂದು ಅರ್ಥ? ಉದಾಹರಣೆ ಕೊಟ್ಟು ಹೇಳಿ."

ಮದುವೆಯ ಮಾತು ಬರುತ್ತದೆ ಎಂದು ನಾನು ಪೆನ್ನು ಹಿಡಿದು ಕಾದೆ. ಬರಲಿಲ್ಲ. ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು, ಸಿಟ್ಟಿಲ್ಲದೆ, ನಗುವಿಲ್ಲದೆ.

"ಕೇಳ್ತೀನಿ ಅಂತ ಹೇಳಿ, ಕೇಳದೇ ಇರೋದು" ಎಂದಳು.

ಆಫೀಸರ್ ನನ್ನ ಕಡೆ ತಿರುಗಲಿಲ್ಲ, ಕಿಟಕಿಯ ಹೊರಗೆ ನೋಡಿದರು. ಉತ್ತರ ಸರಿಯಾಗಿತ್ತು. ನಾನು ಪೂರ್ತಿ ಅಂಕ ಹಾಕಿದೆ.